ಯಾರದೋ ಹೊಲದ ನಡುವೆ ಎಲ್ಲರ ದಾರಿ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಸೀಮೆಯಲ್ಲಿ ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಸಣ್ಣ ಪೇಟೆಯಿದೆ. ಅಲ್ಲಿಂದ ಹೊರಟು ಬಾತ್ ನಗರದ ದೊಡ್ಡ ಚರ್ಚಿನ ಮುಂದೆ ಮುಗಿಯುವ ಕಾಲುದಾರಿಗೆ ಕಾಟ್ಸ್‌ವೊಲ್ಡ್ ವೇ ಎಂದು ಹೆಸರು. ಉದ್ದ 102 ಮೈಲಿ, ಅಂದರೆ ಸುಮಾರು 164 ಕಿಲೋಮೀಟರ್. ಕುರಿ ಮೇಯುವ ಹುಲ್ಲುಗುಡ್ಡ, ಬೀಚ್ ಮರಗಳ ಕಾಡು, ಜೇನುಬಣ್ಣದ ಸುಣ್ಣಕಲ್ಲಿನ ಮನೆಗಳಿರುವ ಹಳ್ಳಿ, ಹಳೆಯ ಬಂಗಲೆಗಳ ಸುತ್ತಲಿನ ಉದ್ಯಾನ, ಇವುಗಳ ನಡುವೆ ಅದು ಏರಿಳಿಯುತ್ತ ಸಾಗುತ್ತದೆ. ಈ ದಾರಿಯನ್ನು ನಡೆದವರ ಬರಹಗಳಲ್ಲೂ ನಡೆಸುವ ಪ್ರವಾಸ ಕಂಪನಿಗಳ ಕರಪತ್ರಗಳಲ್ಲೂ ಒಂದು ನಂಬಿಕೆ ಮತ್ತೆ ಮತ್ತೆ ಕಾಣುತ್ತದೆ. ಇಲ್ಲಿ ಕಾಲ ನಿಂತಿದೆ, ಮನುಷ್ಯ ಕೆಡಿಸದ ನಿಸರ್ಗ ಇಲ್ಲಿ ಉಳಿದಿದೆ, ನಡೆಯುವವನು ಆಧುನಿಕ ಬದುಕಿನ ಆಚೆಗೆ ದಾಟಿ ಹಳೆಯದೊಂದು ಸಹಜ ಲೋಕವನ್ನು ಮುಟ್ಟುತ್ತಾನೆ ಎಂಬ ನಂಬಿಕೆ.

ಇದನ್ನು ಬರೀ ಭಾವುಕತೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಅದರ ಹಿಂದೆ ಗಟ್ಟಿಯಾದ ಅನುಭವವಿದೆ. ದಿನವಿಡೀ ನಡೆದರೂ ಹೆದ್ದಾರಿಯ ಸದ್ದು ಅಪರೂಪ. ಹಳ್ಳಿಯ ಚರ್ಚುಗಳು ನಿಜವಾಗಿಯೂ ನಾನೂರು ಐನೂರು ವರ್ಷ ಹಳೆಯವು. ಮನೆಯ ಗೋಡೆ, ಹೊಲದ ಗೋಡೆ, ಸಮಾಧಿಯ ಕಲ್ಲು ಎಲ್ಲವೂ ಅದೇ ನೆಲದಿಂದ ಎದ್ದವು. ನಡಿಗೆಯ ವೇಗವೂ ಈ ನಂಬಿಕೆಗೆ ಒತ್ತು ಕೊಡುತ್ತದೆ. ಕಾರಿನ ಕಿಟಕಿಯಿಂದ ಚಿತ್ರದಂತೆ ಸರಿದುಹೋಗುವ ಊರು ಕಾಲ್ನಡಿಗೆಯಲ್ಲಿ ಒಂದೊಂದೇ ಬಾಗಿಲಾಗಿ ಎದುರಾಗುತ್ತದೆ. ಜೊತೆಗೆ, ಹಳ್ಳಿಗಾಡನ್ನು ಕಾಪಾಡಬೇಕೆಂಬ ಕಳೆದ ನೂರು ವರ್ಷಗಳ ಇಂಗ್ಲಿಷ್ ಕಾಳಜಿಗೆ ಬಲ ಬಂದದ್ದೂ ಬಹುಪಾಲು ಈ ಭಾವನೆಯಿಂದಲೇ. 1966ರಲ್ಲಿ ಕಾಟ್ಸ್‌ವೊಲ್ಡ್ ಬೆಟ್ಟಸಾಲನ್ನು ವಿಶೇಷ ನಿಸರ್ಗ ಸೌಂದರ್ಯದ ಪ್ರದೇಶವೆಂದು ಸರ್ಕಾರ ಘೋಷಿಸಿದಾಗ ಅದರ ಹೆಸರಿನಲ್ಲೇ ನಿಸರ್ಗ ಸೇರಿತ್ತು. ಒಂದು ನಂಬಿಕೆ ಇಷ್ಟು ಒಳ್ಳೆಯ ಕೆಲಸ ಮಾಡಿಸಿದೆ ಎಂದಾದರೆ ಅದನ್ನು ಪ್ರಶ್ನಿಸುವವರು ಎಚ್ಚರದಿಂದಲೇ ಹೆಜ್ಜೆ ಇಡಬೇಕು.

ಆದರೂ ಪ್ರಶ್ನಿಸಬೇಕಾಗಿದೆ. ಏಕೆಂದರೆ ಒಂದೇ ನಂಬಿಕೆಯಂತೆ ಕಾಣುವ ಇದರಲ್ಲಿ ಮೂರು ಬೇರೆಬೇರೆ ಹೇಳಿಕೆಗಳು ಹೆಣೆದುಕೊಂಡಿವೆ.

1. ದಾರಿಯ ಸುತ್ತಲಿನ ನೋಟ ನಿಸರ್ಗದತ್ತವಾದದ್ದು.

2. ಅಲ್ಲಿನ ಹಳ್ಳಿ ಮತ್ತು ಉದ್ಯಾನಗಳು ಇದ್ದ ಹಾಗೆಯೇ ಉಳಿದುಬಂದವು.

3. ದಾರಿ ತನ್ನಷ್ಟಕ್ಕೆ ತಾನೇ ಇದೆ. ಯಾವಾಗಲೂ ಎಲ್ಲರಿಗೂ ತೆರೆದಿತ್ತು.

ಈ ಮೂರನ್ನೂ ಬಿಡಿಸಿ ನೋಡಿದರೆ ಒಂದೂ ನಿಲ್ಲುವುದಿಲ್ಲ. ಅವು ಬಿದ್ದ ಮೇಲೆ ನಡಿಗೆಯ ಬೆಲೆ ಕಡಿಮೆಯಾಗುತ್ತದೆಯೇ ಎಂಬುದು ನಂತರದ ಪ್ರಶ್ನೆ.

ಮೊದಲ ಹೇಳಿಕೆಯಲ್ಲಿ ಒಪ್ಪಬೇಕಾದ ಅಂಶವೊಂದಿದೆ. ಬೆಟ್ಟಸಾಲನ್ನು ಯಾರೂ ಕಟ್ಟಲಿಲ್ಲ. ಜುರಾಸಿಕ್ ಯುಗದ ಬೆಚ್ಚಗಿನ ಸಮುದ್ರದ ತಳದಲ್ಲಿ ಶೇಖರವಾದ ಸುಣ್ಣಕಲ್ಲು ಪಶ್ಚಿಮಕ್ಕೆ ಕಡಿದಾಗಿ ಎದ್ದು ಪೂರ್ವಕ್ಕೆ ಇಳಿಜಾರಾಗಿ ಮಲಗಿದೆ. ಆದರೆ ನಡೆಯುವವನ ಕಣ್ಣು ತುಂಬುವುದು ಬಂಡೆಯಲ್ಲ, ಅದರ ಮೇಲಿನ ಹುಲ್ಲುಗಾವಲು ಮತ್ತು ಹೊಲಗಳ ಚೌಕಗಳು. ಈ ಗುಡ್ಡಗಳನ್ನು ಅವುಗಳ ಪಾಡಿಗೆ ಬಿಟ್ಟರೆ ಕೆಲವೇ ದಶಕಗಳಲ್ಲಿ ಮುಳ್ಳುಪೊದೆ ಹಬ್ಬಿ, ಅದರ ಹಿಂದೆಯೇ ಮರ ಬೆಳೆದು ಕಾಡಾಗುತ್ತವೆ. ಶತಮಾನಗಳಿಂದ ಕುರಿ ದನಗಳು ಮೇಯುತ್ತ ಬಂದದ್ದರಿಂದ ಹುಲ್ಲು ಹುಲ್ಲಾಗಿ ಉಳಿದಿದೆ. ಹೊಲಗಳ ನಡುವೆ ಓಡುವ, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳ ಒಟ್ಟು ಉದ್ದ ಸುಮಾರು 4,000 ಮೈಲಿ. ಅವುಗಳಲ್ಲಿ ಬಹಳಷ್ಟು 18 ಮತ್ತು 19ನೆಯ ಶತಮಾನಗಳಲ್ಲಿ, ಊರೊಟ್ಟಿನ ಬಯಲನ್ನು ಖಾಸಗಿ ಹಿಡುವಳಿಗಳಾಗಿ ಹಂಚಿದಾಗ ಎದ್ದ ಗೋಡೆಗಳು. ಅತಿ ಹಳೆಯದೆಂದು ಪ್ರವಾಸಿ ಮೆಚ್ಚುವ ರೇಖೆಗಳು ಒಂದು ಆಸ್ತಿ ವಿಭಾಗದ ಗಡಿರೇಖೆಗಳು.

ಮನುಷ್ಯ ಮುಟ್ಟದಿದ್ದರೆ ನಿಸರ್ಗ ಉಳಿಯುತ್ತದೆ ಎಂಬ ಊಹೆ ಇಲ್ಲಿ ಎಷ್ಟು ದೂರ ತಪ್ಪಬಹುದು ಎಂಬುದಕ್ಕೆ ಒಂದು ಚಿಟ್ಟೆಯ ಕಥೆ ಸಾಕು. ಲಾರ್ಜ್ ಬ್ಲೂ ಎಂಬ ನೀಲಿ ಚಿಟ್ಟೆ 1979ರಲ್ಲಿ ಬ್ರಿಟನ್ನಿನಿಂದ ಅಳಿದುಹೋಯಿತು. ಅದರ ಮರಿಹುಳು ಬೆಳೆಯುವುದು ಒಂದು ಜಾತಿಯ ಕೆಂಪಿರುವೆಯ ಗೂಡಿನೊಳಗೆ. ಆ ಇರುವೆಗೆ ಬಿಸಿಲು ತಾಗುವ ಬೆಚ್ಚಗಿನ ಮಣ್ಣು ಬೇಕು. ಮಣ್ಣು ಬೆಚ್ಚಗಿರಬೇಕಾದರೆ ಹುಲ್ಲು ಗಿಡ್ಡವಾಗಿರಬೇಕು. ಹುಲ್ಲು ಗಿಡ್ಡವಾಗಿರಬೇಕಾದರೆ ಜಾನುವಾರು ಮೇಯಬೇಕು. ಮೇಯಿಸುವುದು ಕಡಿಮೆಯಾಗಿ, 1950ರ ದಶಕದ ರೋಗವೊಂದರಲ್ಲಿ ಮೊಲಗಳೂ ಸತ್ತು, ಹುಲ್ಲು ಎತ್ತರಕ್ಕೆ ಬೆಳೆದಾಗ ಇರುವೆ ಹೋಯಿತು, ಅದರೊಂದಿಗೆ ಚಿಟ್ಟೆಯೂ ಹೋಯಿತು. ಜೆರೆಮಿ ಥಾಮಸ್ ಎಂಬ ವಿಜ್ಞಾನಿ ಈ ಸರಪಳಿಯನ್ನು ಬಿಡಿಸಿದ ಮೇಲೆ, 1980ರ ದಶಕದಿಂದ ಹೊರಗಿನಿಂದ ತಂದ ಮರಿಗಳನ್ನು ಬಿಟ್ಟು, ದನಗಳನ್ನು ಲೆಕ್ಕ ಹಾಕಿ ಮೇಯಿಸಿ ಚಿಟ್ಟೆಯನ್ನು ಮರಳಿಸಲಾಯಿತು. ಕಾಟ್ಸ್‌ವೊಲ್ಡ್ ವೇಗೆ ಹತ್ತಿರದಲ್ಲೇ ಇರುವ ರಾಡ್‌ಬರೋ ಕಾಮನ್ ಎಂಬ ಹುಲ್ಲುಗುಡ್ಡದಲ್ಲಿ 2019ರಲ್ಲಿ ಬಿಟ್ಟ ಮರಿಗಳು ಮರುವರ್ಷ ಚಿಟ್ಟೆಗಳಾಗಿ ಹಾರಿದವು. ಇನ್ನೊಂದು ಕಡೆಯಿಂದಲೂ ಮನುಷ್ಯನ ಕೈ ಕಾಣುತ್ತದೆ. 1930ರ ದಶಕದಲ್ಲಿ ಕಾಟ್ಸ್‌ವೊಲ್ಡ್‌ನ ಸುಮಾರು ಶೇಕಡಾ 40ರಷ್ಟು ನೆಲ ಕಾಡುಹೂಗಳ ಸುಣ್ಣಕಲ್ಲು ಹುಲ್ಲುಗಾವಲಾಗಿತ್ತು; ಇಂದು ಅದು ಶೇಕಡಾ 1.5ಕ್ಕಿಂತ ಕಡಿಮೆ. ಉಳಿದದ್ದು ಉಳುಮೆಗೆ, ಗೊಬ್ಬರ ಹಾಕಿದ ಹಸಿರು ಹುಲ್ಲಿಗೆ, ಪಾಳುಬಿದ್ದಲ್ಲಿ ಪೊದೆಗೆ ಸೇರಿತು. ಗೊಬ್ಬರದ ಹುಲ್ಲು ಹೆಚ್ಚು ಹಸಿರಾಗಿರುವುದರಿಂದ, ಕೆಡದ ನಿಸರ್ಗವನ್ನು ಹುಡುಕಿ ಬಂದವನು ಅತಿ ಹೆಚ್ಚು ಕೆಟ್ಟ ಜಾಗವನ್ನೇ ಮೆಚ್ಚಿ ಹೋಗುವ ಸಾಧ್ಯತೆ ಇದೆ.

ಎರಡನೆಯ ಹೇಳಿಕೆಗೆ ಬರುವ ಮುನ್ನ, ಮೊದಲ ಎರಡೂ ಒಂದಕ್ಕೊಂದು ಹೊಂದುವುದಿಲ್ಲ ಎಂಬುದನ್ನು ಗಮನಿಸಬೇಕು. ಮನುಷ್ಯ ಮುಟ್ಟದ ನೆಲ ಮತ್ತು ಐತಿಹಾಸಿಕ ಉದ್ಯಾನ ಎರಡನ್ನೂ ಒಂದೇ ಉಸಿರಿನಲ್ಲಿ ಹೊಗಳಲು ಬರುವುದಿಲ್ಲ; ಉದ್ಯಾನವೆಂದರೆ ಮನುಷ್ಯ ಮುಟ್ಟಿದ್ದೇ. ಇಷ್ಟು ಸರಳವಾದ ವಿರೋಧ ಏಕೆ ಕಣ್ಣಿಗೆ ಬೀಳುವುದಿಲ್ಲ ಎಂದರೆ, ಅದು ಬೀಳದಂತೆ ಮಾಡುವುದೇ 18ನೆಯ ಶತಮಾನದ ಇಂಗ್ಲಿಷ್ ಉದ್ಯಾನಕಲೆಯ ಗುರಿಯಾಗಿತ್ತು. ಅದಕ್ಕೂ ಮೊದಲಿನ ಉದ್ಯಾನಗಳು ಕತ್ತರಿಸಿದ ಗಿಡಸಾಲು, ನೇರ ಕಾಲುವೆ, ಜ್ಯಾಮಿತಿಯ ಪಾತಿಗಳಿಂದ ತಾವು ಮಾಡಿದ್ದೆಂದು ಸಾರಿ ಹೇಳುತ್ತಿದ್ದವು. ವಿಲಿಯಂ ಕೆಂಟ್ ಮತ್ತು ಅವನ ನಂತರ ಬಂದ ಲ್ಯಾನ್ಸಲಾಟ್ ಬ್ರೌನ್ ಈ ಗುರುತುಗಳನ್ನು ಅಳಿಸಿದರು. 1716ರಿಂದ 1783ರವರೆಗೆ ಬದುಕಿದ್ದ ಬ್ರೌನ್ 170ಕ್ಕೂ ಹೆಚ್ಚು ಎಸ್ಟೇಟುಗಳಲ್ಲಿ ಕೆಲಸ ಮಾಡಿದ. ಬ್ಲೆನ್‌ಹೀಮ್ ಅರಮನೆಯ ಮುಂದಿನ ವಿಶಾಲ ಸರೋವರ ಗ್ಲೈಮ್ ಎಂಬ ಸಣ್ಣ ಹೊಳೆಗೆ 1760ರ ದಶಕದಲ್ಲಿ ಅವನು ಒಡ್ಡು ಹಾಕಿಸಿ ನಿಲ್ಲಿಸಿದ ನೀರು. ಆಕ್ಸ್‌ಫರ್ಡ್‌ಶೈರ್ ವೇ ಎಂಬ ದೂರದ ಕಾಲುದಾರಿ ಇಂದು ಅದೇ ಪಾರ್ಕಿನ ಮೂಲಕ ಹಾಯುತ್ತದೆ. ಬಂಗಲೆಯ ಹುಲ್ಲುಹಾಸಿಗೂ ಆಚೆಯ ಗೋಮಾಳಕ್ಕೂ ನಡುವೆ ಬೇಲಿ ಕಾಣಬಾರದೆಂದು ಹಾಹಾ ಎಂಬ ಆಳದ ಕಂದಕ ತೋಡಿ, ಅದರ ಒಂದು ಬದಿಗೆ ಗೋಡೆ ಕಟ್ಟುತ್ತಿದ್ದರು. ದನ ಒಳಗೆ ಬರುವುದಿಲ್ಲ, ನೋಟ ಮಾತ್ರ ತಡೆಯಿಲ್ಲದೆ ದಿಗಂತದವರೆಗೆ ಹೋಗುತ್ತದೆ. ಮಡುವಿನ ಅಂಚು, ಗುಡ್ಡದ ಮೇಲೊಂದು ಮರಗಳ ಗುಂಪು, ಅಲ್ಲೊಂದು ಕುರಿಹಿಂಡು: ಹಳ್ಳಿಗಾಡೆಂದರೆ ಹೀಗಿರಬೇಕು ಎಂಬ ಕಲ್ಪನೆಗೆ ರೂಪ ಕೊಟ್ಟದ್ದು ಈ ವಿನ್ಯಾಸಗಳು. ಗಡಿಯನ್ನೂ ದುಡಿಮೆಯನ್ನೂ ಬಚ್ಚಿಡಲು ಕಲಿತ ಕಲೆ ನೋಡುವವರ ಕಣ್ಣನ್ನೂ ಹಾಗೆಯೇ ತರಬೇತುಗೊಳಿಸಿತು.

ಬಚ್ಚಿಟ್ಟದ್ದು ಬೇಲಿಯೊಂದನ್ನೇ ಅಲ್ಲ. ಥೇಮ್ಸ್ ನದಿಯ ಬದಿಯ ನ್ಯೂನಮ್ ಕೋರ್ಟ್ನಿಯಲ್ಲಿ 1760ರ ದಶಕದ ಆರಂಭದಲ್ಲಿ ಹಾರ್ಕೋರ್ಟ್ ಪ್ರಭು ತನ್ನ ಹೊಸ ಬಂಗಲೆಯ ನೋಟಕ್ಕೆ ಅಡ್ಡವಾಗಿದ್ದ ಇಡೀ ಹಳ್ಳಿಯನ್ನು ಕೆಡವಿಸಿ, ಒಂದು ಮೈಲಿಗೂ ದೂರದ ರಸ್ತೆ ಬದಿಯಲ್ಲಿ ಸಾಲುಮನೆ ಕಟ್ಟಿಸಿದ. ಡಾರ್ಸೆಟ್ ಸೀಮೆಯ ಮಿಲ್ಟನ್ ಪ್ರಭು ಒಂದು ಸಂತೆಪೇಟೆಯನ್ನೇ ಹಂತಹಂತವಾಗಿ ನೆಲಸಮ ಮಾಡಿ, 1780ರ ಹೊತ್ತಿಗೆ ಕಣಿವೆಯ ಮರೆಯಲ್ಲಿ ಮಿಲ್ಟನ್ ಆಬಸ್ ಎಂಬ ಹೊಸ ಹಳ್ಳಿ ಎಬ್ಬಿಸಿದ. ಇಂದು ಮಿಲ್ಟನ್ ಆಬಸ್‌ನ ಹುಲ್ಲುಚಾವಣಿಯ ಬಿಳಿ ಮನೆಗಳ ಬೀದಿ ಇಂಗ್ಲಿಷ್ ಹಳ್ಳಿಯ ಮಾದರಿಯೆಂದು ಕ್ಯಾಲೆಂಡರುಗಳಲ್ಲಿ ಮುದ್ರಣಗೊಳ್ಳುತ್ತದೆ. ಅದು ಎತ್ತಂಗಡಿಯಾದವರಿಗೆ ಕಟ್ಟಿದ ಪುನರ್ವಸತಿ ಬಡಾವಣೆ. ಸ್ಟೋ ಎಂಬ ಇನ್ನೊಂದು ಉದ್ಯಾನದ ಮರಗಳ ನಡುವೆ ಒಂದು ಹಳೆಯ ಚರ್ಚ್ ಒಂಟಿಯಾಗಿ ನಿಂತಿದೆ. ಅದರ ಸುತ್ತ ಇದ್ದ ಊರು ಉದ್ಯಾನ ಬೆಳೆದಂತೆ ಮಾಯವಾಯಿತು. ಹಳ್ಳಿಯೂ ಉದ್ಯಾನವೂ ಪರಸ್ಪರ ಸಾಮರಸ್ಯದಲ್ಲಿ ಜೊತೆಜೊತೆಗೆ ಬೆಳೆದವು ಎಂಬ ಮಾತು ಇಂಥ ಕಡೆಗಳಲ್ಲಿ ಸುಳ್ಳು.

ಕಾಟ್ಸ್‌ವೊಲ್ಡ್ ವೇಯ ಹಳ್ಳಿಗಳು ಹೀಗೆ ಎತ್ತಂಗಡಿಯಾದವಲ್ಲ, ಅವುಗಳ ಕಲ್ಲುಗಳು ನಿಜವಾಗಿಯೂ ಹಳೆಯವು ಎಂದು ಯಾರಾದರೂ ಹೇಳಬಹುದು. ಸರಿಯೇ. ಆದರೆ ಹಳೆಯ ಕಲ್ಲು ಉಳಿದದ್ದು ಏಕೆ? ಮಧ್ಯಯುಗದಲ್ಲಿ ಇಲ್ಲಿನ ಉಣ್ಣೆ ಫ್ಲಾಂಡರ್ಸ್ ಮತ್ತು ಇಟಲಿಯ ನೇಕಾರರವರೆಗೆ ಹೋಗುತ್ತಿತ್ತು; ಹಳ್ಳಿಗೆ ಮೀರಿದ ಗಾತ್ರದ ಚರ್ಚುಗಳು ಆ ವ್ಯಾಪಾರದ ದುಡ್ಡಿನಿಂದ ಎದ್ದವು. ನಂತರ ಸ್ಟ್ರೌಡ್ ಕಣಿವೆಯ ಹೊಳೆಗಳ ಮೇಲೆ ಬಟ್ಟೆ ಗಿರಣಿಗಳು ಸಾಲಾಗಿ ನಿಂತವು. ಬ್ರಿಟಿಷ್ ಸೈನಿಕರ ಕೆಂಪು ಅಂಗಿಯ ಬಟ್ಟೆಗೆ ಸ್ಟ್ರೌಡ್ ಹೆಸರುವಾಸಿಯಾಗಿತ್ತು. 19ನೆಯ ಶತಮಾನದಲ್ಲಿ ಉದ್ಯಮ ಯಾರ್ಕ್‌ಶೈರ್‌ನ ದೊಡ್ಡ ಗಿರಣಿಗಳ ಮುಂದೆ ಸೋತಿತು. ಹಳೆಯ ಮನೆ ಕೆಡವಿ ಹೊಸದು ಕಟ್ಟುವಷ್ಟು ಹಣ ಊರವರ ಕೈಯಲ್ಲಿ ಉಳಿಯಲಿಲ್ಲ. ನಡೆಯುವವನು ಪ್ರಶಾಂತತೆ ಎಂದು ಅನುಭವಿಸುವುದರ ಬಹುಭಾಗ ಉದ್ಯೋಗ ಕಳೆದುಕೊಂಡ ಕಣಿವೆಗಳ ಮೌನ.

ಆ ಮೌನವನ್ನು ಚೆಲುವಾಗಿ ತಿದ್ದಿದವರು ಹೊರಗಿನಿಂದ ಬಂದರು. ಕಾಟ್ಸ್‌ವೊಲ್ಡ್‌ನ ಅತಿ ಸುಂದರ ಹಳ್ಳಿಗಳಲ್ಲೊಂದೆಂದು ಎಣಿಸುವ ಸ್ಟ್ಯಾಂಟನ್ ಅನ್ನು 1906ರಲ್ಲಿ ಕೊಂಡವನು ಫಿಲಿಪ್ ಸ್ಟಾಟ್, ಲ್ಯಾಂಕಶೈರ್‌ನ ಓಲ್ಡ್‌ಹ್ಯಾಮ್‌ನಲ್ಲಿ ಹತ್ತಿ ಗಿರಣಿಗಳನ್ನು ವಿನ್ಯಾಸ ಮಾಡಿ ಹಣ ಮಾಡಿದ ವಾಸ್ತುಶಿಲ್ಪಿ. 1937ರಲ್ಲಿ ಸಾಯುವವರೆಗೂ ಅವನು ಮನೆಗಳನ್ನು ಒಂದೊಂದಾಗಿ ದುರಸ್ತಿ ಮಾಡಿಸಿದ. ಚಿಪ್ಪಿಂಗ್ ಕ್ಯಾಂಪ್ಡನ್‌ಗೆ 1902ರಲ್ಲಿ ಲಂಡನ್ನಿನ ಪೂರ್ವಭಾಗದ ಕುಶಲಕರ್ಮಿಗಳನ್ನು ಕುಟುಂಬ ಸಮೇತ ಕರೆತಂದವನು ವಿನ್ಯಾಸಕ ಸಿ. ಆರ್. ಆಶ್‌ಬೀ. ಅವನು ದುರಸ್ತಿ ಮಾಡಿಕೊಟ್ಟ ಪಕ್ಕದ ಬ್ರಾಡ್ ಕ್ಯಾಂಪ್ಡನ್‌ನ ಹಳೆಯ ಕಲ್ಲಿನ ಪ್ರಾರ್ಥನಾ ಮಂದಿರದಲ್ಲಿ ವಾಸವಿದ್ದವರು ಕನ್ನಡದ ಓದುಗರಿಗೆ ಶಿವನ ನೃತ್ಯದ ಕುರಿತ ಪ್ರಬಂಧದಿಂದ ಪರಿಚಿತರಾದ ಆನಂದ ಕುಮಾರಸ್ವಾಮಿ. ಸಿಂಹಳದ ಮಧ್ಯಯುಗದ ಕಲೆಯನ್ನು ಕುರಿತ ಅವರ ಗ್ರಂಥ 1908ರಲ್ಲಿ ಅಲ್ಲಿಯೇ ಕೈಮುದ್ರಣ ಯಂತ್ರದಲ್ಲಿ ಅಚ್ಚಾಯಿತು. ವಿಂಚ್‌ಕೂಮ್ ಬಳಿಯ ಸ್ಯೂಡ್ಲಿ ಕೋಟೆಯನ್ನು ಇಂಗ್ಲಿಷ್ ಅಂತರ್ಯುದ್ಧದ ನಂತರ 1649ರಲ್ಲಿ ಕೆಡವಲಾಗಿತ್ತು. ಸುಮಾರು ಎರಡು ಶತಮಾನ ಪಾಳುಬಿದ್ದ ಅದನ್ನು 1837ರಲ್ಲಿ ಕೊಂಡು ಎಬ್ಬಿಸಿದವರು ವುಸ್ಟರ್ ನಗರದ ಕೈಗವಸು ವ್ಯಾಪಾರಿ ಸೋದರರು. ದಾರಿಯ ಪಕ್ಕದ ಬೆಲಾಸ್ ನ್ಯಾಪ್ ಎಂಬ ನವಶಿಲಾಯುಗದ ಸಮಾಧಿದಿಬ್ಬವೂ 1930ರ ಸುಮಾರಿಗೆ ಜೀರ್ಣೋದ್ಧಾರವಾದ ರೂಪದಲ್ಲೇ ಕಾಣುತ್ತದೆ.

ಪೇನ್ಸ್‌ವಿಕ್‌ನ ಉದ್ಯಾನ ಈ ವಾದಕ್ಕೆ ಅತಿ ಸ್ಪಷ್ಟವಾದ ಸಾಕ್ಷಿ. 1740ರ ದಶಕದಲ್ಲಿ ಬೆಂಜಮಿನ್ ಹಾಯೆಟ್ ಅಲ್ಲಿ ರೊಕೊಕೋ ಶೈಲಿಯ ಒಂದು ವಿನೋದದ ಉದ್ಯಾನ ಮಾಡಿಸಿದ. ಥಾಮಸ್ ರಾಬಿನ್ಸ್ ಎಂಬ ಕಲಾವಿದ 1748ರಲ್ಲಿ ಅದರ ಚಿತ್ರ ಬಿಡಿಸಿದ. ಕಾಲಕ್ರಮೇಣ ಅದು ತರಕಾರಿ ತೋಟವಾಗಿ, ಕೊನೆಗೆ ಗಿಡಗಂಟಿ ಬೆಳೆದು ಕಾಡಾಗಿ ಮರೆತೇಹೋಯಿತು. 1984ರಿಂದ ಮರಗಳನ್ನು ಕಡಿದು, ಮಣ್ಣು ತೆಗೆದು, ಆ ಚಿತ್ರವನ್ನೇ ನಕ್ಷೆಯಾಗಿಟ್ಟುಕೊಂಡು ಉದ್ಯಾನವನ್ನು ಮತ್ತೆ ಮಾಡಲಾಯಿತು. ನೋಡುಗನು 18ನೆಯ ಶತಮಾನವೆಂದು ತಿಳಿದು ಸುತ್ತಾಡುವುದು ಅವನ ಜೀವಿತಕಾಲದಲ್ಲೇ ನೆಟ್ಟದ್ದಾಗಿರಬಹುದು. ಇದು ಮೋಸವೆಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಚಿತ್ರವೊಂದನ್ನು ಹಿಡಿದು ಮುಚ್ಚಿಹೋದ ಉದ್ಯಾನವನ್ನು ಹುಡುಕಿ ತೆಗೆದದ್ದು ಮೆಚ್ಚಬೇಕಾದ ವಿದ್ವತ್ತು. ಆದರೆ ಮೆಚ್ಚಿಗೆ ಸಲ್ಲಬೇಕಾದದ್ದು ಆ ಕೆಲಸಕ್ಕೆ. ಕಾಲ ನಿಂತಿತೆಂದು ಹೇಳಿದ ಕ್ಷಣ ಆ ಕೆಲಸ ಅದೃಶ್ಯವಾಗುತ್ತದೆ.

ಅದೃಶ್ಯವಾಗುವ ಇನ್ನೊಂದು ಸಂಗತಿ ಹಣದ ಮೂಲ. ಬಾತ್ ಹತ್ತಿರವಾಗುತ್ತಿದ್ದಂತೆ ಕಾಲುದಾರಿ ಡೈರಮ್ ಹಳ್ಳಿಯನ್ನು ಮುಟ್ಟುತ್ತದೆ. ಅಲ್ಲಿನ ಬಂಗಲೆ ಮತ್ತು ಉದ್ಯಾನ ಕಟ್ಟಿಸಿದ ವಿಲಿಯಂ ಬ್ಲಾತ್‌ವೇಟ್ ಅಮೆರಿಕ ಮತ್ತು ಕೆರಿಬಿಯನ್ ವಸಾಹತುಗಳ ಆದಾಯದ ಲೆಕ್ಕ ನೋಡುತ್ತಿದ್ದ ಅಧಿಕಾರಿ. ಆ ಆದಾಯದ ಅಡಿಯಲ್ಲಿ ಗುಲಾಮರ ದುಡಿಮೆಯಿತ್ತು. ಕ್ಯಾಂಪ್ಡನ್ ಮೂಲಕವೇ ಹಾಯುವ ಹಾರ್ಟ್ ಆಫ್ ಇಂಗ್ಲೆಂಡ್ ವೇ ಎಂಬ ಇನ್ನೊಂದು ದೂರದ ದಾರಿ ದಕ್ಷಿಣಕ್ಕೆ ಇಳಿದು ಸೆಜಿನ್‌ಕೋಟ್ ಎಸ್ಟೇಟಿನ ಹುಲ್ಲುಗಾವಲನ್ನು ದಾಟುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ನೌಕರಿಯಿಂದ ಮರಳಿದ ಚಾರ್ಲ್ಸ್ ಕಾಕರೆಲ್‌ಗಾಗಿ 1805ರ ಸುಮಾರಿಗೆ ಎದ್ದ ಈ ಬಂಗಲೆಗೆ ಮೊಘಲ್ ಶೈಲಿಯ ತಾಮ್ರದ ಗುಮ್ಮಟವಿದೆ. ಉದ್ಯಾನದಲ್ಲಿ ಸೂರ್ಯನ ಗುಡಿ, ಸೇತುವೆಯ ಮೇಲೆ ನಂದಿಗಳು. ಉದ್ಯಾನದ ಈ ರಚನೆಗಳಿಗೆ ರೂಪ ಕೊಟ್ಟ ಚಿತ್ರಕಾರ ಥಾಮಸ್ ಡೇನಿಯಲ್, ಮೂರನೇ ಮೈಸೂರು ಯುದ್ಧ ಮುಗಿದ 1792ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಹಾದು ದಕ್ಷಿಣ ಭಾರತ ಸುತ್ತಿದವನು. ವೇಲ್ಸ್‌ನ ಗ್ಲಿಂಡೂರ್ಸ್ ವೇ ಮುಗಿಯುವ ವೆಲ್ಷ್‌ಪೂಲ್ ಊರಿನ ಪೋವಿಸ್ ಕೋಟೆಯ ಉದ್ಯಾನ ಅದರ ಮೆಟ್ಟಿಲುಮೆಟ್ಟಿಲಾದ ಅಂಗಳಗಳಿಗೆ ಪ್ರಸಿದ್ಧ. ಅದೇ ಕೋಟೆಯೊಳಗೆ ಟಿಪ್ಪು ಸುಲ್ತಾನನ ಡೇರೆ ಇದೆ. ಇಂಗ್ಲಿಷ್ ಹಳ್ಳಿಗಾಡು ತನ್ನಷ್ಟಕ್ಕೆ ತಾನಿದ್ದ ಲೋಕವಲ್ಲ. ಶ್ರೀರಂಗಪಟ್ಟಣದವರೆಗೆ ಚಾಚಿದ ವ್ಯವಸ್ಥೆಯ ಒಂದು ತುದಿ.

ಉಳಿದದ್ದು ಮೂರನೆಯ ಹೇಳಿಕೆ, ದಾರಿ ತಾನಾಗಿ ಇದೆ ಎಂಬುದು. ತೀರ ನಿರುಪದ್ರವಿಯಂತೆ ಕಾಣುವ ಇದೇ ಮೂರರಲ್ಲಿ ಹೆಚ್ಚು ಹಾನಿಕರ. ಕಾಟ್ಸ್‌ವೊಲ್ಡ್ ವೇ ಹಾಯುವುದು ಬಹುಪಾಲು ಖಾಸಗಿ ಜಮೀನಿನಲ್ಲಿ. ಹೊಲ ಯಾರದೋ, ಕುರಿ ಯಾರದೋ, ಗೇಟು ಯಾರದೋ; ಅವುಗಳ ನಡುವೆ ನಡೆಯುವ ಹಕ್ಕು ಮಾತ್ರ ಎಲ್ಲರದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಸಾರ್ವಜನಿಕ ಹಕ್ಕಿನ ದಾರಿಗಳ ಒಟ್ಟು ಉದ್ದ ಸುಮಾರು 1,40,000 ಮೈಲಿ. ಜಮೀನಿನ ಒಡೆಯ ಇವುಗಳನ್ನು ಮುಚ್ಚುವಂತಿಲ್ಲ. ಹೊಲದ ನಡುವಿನ ಕಾಲುದಾರಿಯನ್ನು ಬಿತ್ತನೆಗಾಗಿ ಉತ್ತರೆ 14 ದಿನದೊಳಗೆ ಕನಿಷ್ಠ ಒಂದು ಮೀಟರ್ ಅಗಲಕ್ಕೆ ಮತ್ತೆ ಸಮ ಮಾಡಿಕೊಡಬೇಕು. ಹೊಲದ ಅಂಚಿನ ದಾರಿಯನ್ನು ಉಳುವಂತೆಯೇ ಇಲ್ಲ. ಇಂಥ ನಿಯಮಗಳು ನಿಸರ್ಗದಲ್ಲಿ ಹುಟ್ಟುವುದಿಲ್ಲ.

ಅವು ಹುಟ್ಟಿದ್ದು ಜಗಳದಲ್ಲಿ. 1604ರಿಂದ 1914ರವರೆಗೆ ಪಾರ್ಲಿಮೆಂಟ್ ಹೊರಡಿಸಿದ 5,200ಕ್ಕೂ ಹೆಚ್ಚು ಬೇಲಿ ಕಾಯ್ದೆಗಳು ಸುಮಾರು 68 ಲಕ್ಷ ಎಕರೆ ಊರೊಟ್ಟಿನ ನೆಲವನ್ನು ಖಾಸಗಿ ಕೈಗೆ ಕೊಟ್ಟವು. ದನ ಮೇಯಿಸುವ, ಸೌದೆ ಆಯುವ ಹಕ್ಕಿನ ಜೊತೆಗೆ ಎಷ್ಟೋ ದಾರಿಗಳೂ ಹೋದವು. 1815ರ ಒಂದು ಕಾಯ್ದೆಯ ಪ್ರಕಾರ ಇಬ್ಬರು ಮ್ಯಾಜಿಸ್ಟ್ರೇಟರು ಸೇರಿ ಯಾವುದೇ ಕಾಲುದಾರಿಯನ್ನು ಅನಗತ್ಯವೆಂದು ಮುಚ್ಚಿಸಬಹುದಿತ್ತು, ಮತ್ತು ಮ್ಯಾಜಿಸ್ಟ್ರೇಟರು ಸಾಮಾನ್ಯವಾಗಿ ಜಮೀನ್ದಾರರೇ ಆಗಿರುತ್ತಿದ್ದರು. ಇದಕ್ಕೆ ಪ್ರತಿಯಾಗಿ 1824ರಲ್ಲಿ ಯಾರ್ಕ್‌ನಲ್ಲಿ, 1826ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕಾಲುದಾರಿ ರಕ್ಷಣಾ ಸಂಘಗಳು ಹುಟ್ಟಿದವು. 1932ರ ಏಪ್ರಿಲ್ 24ರಂದು ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ನೂರಾರು ಯುವ ಕಾರ್ಮಿಕರು ಅನುಮತಿಯಿಲ್ಲದೆ ನುಗ್ಗಿ ನಡೆದರು. ಅದು ಹಕ್ಕಿಗಳ ಬೇಟೆಗಾಗಿ ಒಡೆಯರು ಕಾಯ್ದಿಟ್ಟ ನೆಲವಾಗಿತ್ತು. ಐವರು ಜೈಲಿಗೆ ಹೋದರು. 1935ರಲ್ಲಿ ಟಾಮ್ ಸ್ಟೀಫನ್‌ಸನ್ ಎಂಬ ಪತ್ರಕರ್ತ ದೇಶದ ಬೆನ್ನೆಲುಬಿನಂಥ ಪೆನ್ನೈನ್ ಬೆಟ್ಟಸಾಲಿನ ಉದ್ದಕ್ಕೂ ಒಂದು ಕಾಲುದಾರಿ ಬೇಕೆಂದು ಬರೆದ. 1949ರ ಕಾಯ್ದೆ ರಾಷ್ಟ್ರೀಯ ಉದ್ಯಾನಗಳನ್ನೂ ದೂರದ ದಾರಿಗಳನ್ನೂ ಸೃಷ್ಟಿಸಲು ದಾರಿ ಮಾಡಿತು. ಪ್ರತಿ ಕೌಂಟಿಯೂ ತನ್ನ ಕಾಲುದಾರಿಗಳನ್ನು ಅಧಿಕೃತ ನಕ್ಷೆಯಲ್ಲಿ ದಾಖಲಿಸಬೇಕೆಂದು ವಿಧಿಸಿತು. ಸ್ಟೀಫನ್‌ಸನ್ ಕೇಳಿದ 268 ಮೈಲಿಯ ಪೆನ್ನೈನ್ ವೇ ತೆರೆದದ್ದು 1965ರಲ್ಲಿ, ಮೂವತ್ತು ವರ್ಷಗಳ ನಂತರ. ಅದು ಹೊರಡುವುದು ಕಿಂಡರ್ ಸ್ಕೌಟ್‌ನ ಬುಡದಲ್ಲಿರುವ ಈಡೇಲ್ ಹಳ್ಳಿಯಿಂದ. ಕಾಟ್ಸ್‌ವೊಲ್ಡ್ ವೇ ಸ್ಥಳೀಯ ನಡಿಗೆಗಾರರ ಒತ್ತಾಯದಿಂದ 1970ರಲ್ಲಿ ರೂಪುಗೊಂಡು, ರಾಷ್ಟ್ರೀಯ ಮಾರ್ಗದ ಸ್ಥಾನ ಪಡೆದದ್ದು 2007ರಲ್ಲಿ. ಕಾಲ ನಿಂತಿದೆ ಎನ್ನಲಾಗುವ ಈ ದಾರಿ, ದಾರಿಯಾಗಿ, ಅದರ ಮೇಲೆ ನಡೆಯುವ ಎಷ್ಟೋ ಜನರಿಗಿಂತ ಕಿರಿಯದು.

ಈ ವಾದಕ್ಕೆ ಮೂರು ಆಕ್ಷೇಪಗಳು ಬರಬಹುದು. ಮೊದಲನೆಯದು: ನಡೆಯುವವನಿಗೆ ಬೇಕಾದದ್ದು ಸಂತೋಷ, ಗೋಡೆಯ ಹಿಂದಿನ ಕಾಯ್ದೆ, ಬಂಗಲೆಯ ಹಿಂದಿನ ಗುಲಾಮಗಿರಿ ತಿಳಿದು ಅವನು ಮಾಡುವುದೇನು? 2020ರಲ್ಲಿ ಹಳೆಯ ಬಂಗಲೆ, ಉದ್ಯಾನಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ತನ್ನ ವಶದ 93 ಸ್ಥಳಗಳಿಗೆ ವಸಾಹತುಶಾಹಿ ಮತ್ತು ಗುಲಾಮಗಿರಿಯ ನಂಟಿದೆ ಎಂದು ವರದಿ ಪ್ರಕಟಿಸಿದಾಗ ಬ್ರಿಟನ್ನಿನಲ್ಲಿ ಇದೇ ಸಿಟ್ಟು ಎದ್ದಿತು. ಸಂತೋಷಕ್ಕೆ ಅಜ್ಞಾನ ಬೇಕೆಂಬುದು ಈ ಆಕ್ಷೇಪದ ತಳಹದಿ, ಮತ್ತು ಅದು ಅನುಭವಕ್ಕೆ ವಿರುದ್ಧವಾದದ್ದು. ಹಳೇಬೀಡಿನ ಶಿಲ್ಪದ ಹಿಂದಿನ ರಾಜಕೀಯ, ಯುದ್ಧ, ದಾನಶಾಸನ ತಿಳಿದವನಿಗೆ ಆ ಶಿಲ್ಪ ಕಡಿಮೆ ಕಾಣುವುದಿಲ್ಲ. ಸೆಜಿನ್‌ಕೋಟ್‌ನ ನಂದಿ ವಿಚಿತ್ರ ಅಲಂಕಾರವಾಗಿ ಕಂಡರೆ ಒಂದು ನಿಮಿಷದ ಕುತೂಹಲ. ಅದು ಹೇಗೆ ಅಲ್ಲಿಗೆ ಬಂತೆಂದು ತಿಳಿದರೆ ಇಡೀ ಕಣಿವೆ ಬೇರೆಯಾಗಿ ಕಾಣತೊಡಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ದೊಡ್ಡ ಎಸ್ಟೇಟುಗಳ ಒಡೆಯರು ತಲೆಮಾರುಗಳ ಕಾಲ ನೆಲವನ್ನು ಒಡೆಯದೆ ಉಳಿಸಿದ್ದರಿಂದಲೇ ಮರ, ಪಾರ್ಕು, ಹಳ್ಳಿಗಳು ಉಳಿದವು. ಹಂಚಿಹೋಗಿದ್ದರೆ ಅಲ್ಲೆಲ್ಲ ಬಡಾವಣೆಗಳು ಬರುತ್ತಿದ್ದವು. ಇದರಲ್ಲಿ ಸತ್ಯವಿದೆ. ಸ್ಟ್ಯಾನ್‌ವೇ ಬಂಗಲೆಯ 18ನೆಯ ಶತಮಾನದ ನೀರಿನ ಉದ್ಯಾನದಲ್ಲಿ 2004ರಲ್ಲಿ ಒಡೆಯರೇ ಕಾರಂಜಿಯೊಂದನ್ನು ಎಬ್ಬಿಸಿದರು. ಪಂಪಿಲ್ಲದೆ ಬರೀ ಇಳಿಜಾರಿನ ಒತ್ತಡದಿಂದ ಅದು 300 ಅಡಿ ಚಿಮ್ಮುತ್ತದೆ. ಆದರೆ ಉಳಿಸಿದವರು ಎಂಬ ಮಾತಿನಿಂದ ತೆರೆದಿಟ್ಟವರು ಎಂಬ ತೀರ್ಮಾನಕ್ಕೆ ಜಿಗಿಯಲಾಗದು. ಅದೇ ವರ್ಗ ಕಿಂಡರ್ ಸ್ಕೌಟ್‌ಗೆ ಕಾವಲು ಹಾಕಿತ್ತು, ನ್ಯೂನಮ್ ಅನ್ನು ಕೆಡವಿತ್ತು. ಇಂದಿಗೂ ಇಂಗ್ಲೆಂಡಿನ ಸುಮಾರು ಶೇಕಡಾ 8ರಷ್ಟು ನೆಲದಲ್ಲಿ ಮಾತ್ರ ಜನರಿಗೆ ಸ್ವತಂತ್ರವಾಗಿ ಅಡ್ಡಾಡುವ ಕಾನೂನಿನ ಹಕ್ಕಿದೆ. ಡಾರ್ಟ್‌ಮೂರ್‌ನಲ್ಲಿ ಡೇರೆ ಹಾಕಿ ರಾತ್ರಿ ಕಳೆಯುವ ಹಕ್ಕನ್ನು ಜಮೀನಿನ ಒಡೆಯರೊಬ್ಬರು ಪ್ರಶ್ನಿಸಿ, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2025ರ ಮೇ ತಿಂಗಳಲ್ಲಿ ತೀರ್ಪು ಜನರ ಪರವಾಗಿ ಬಂತು. ಸೌಂದರ್ಯ ಉಳಿಸುವುದು ಒಂದು ಕೆಲಸ, ಅದನ್ನು ಸಾರ್ವಜನಿಕವಾಗಿಸುವುದು ಇನ್ನೊಂದು; ಎರಡನೆಯದಕ್ಕೆ ಕಾನೂನು ಬೇಕಾಯಿತು.

ಮೂರನೆಯ ಆಕ್ಷೇಪ: ಹಕ್ಕೆಂದು ಎಲ್ಲರೂ ನುಗ್ಗಿದರೆ ದಾರಿಯೇ ಹಾಳಾಗುತ್ತದೆ. ಪೆನ್ನೈನ್ ವೇಯಲ್ಲಿ ಇದು ನಡೆದೂ ಇದೆ. ಕಾಲ್ತುಳಿತಕ್ಕೆ ಜೌಗುಮಣ್ಣು ಕೊಚ್ಚಿಹೋಗಿ ದಾರಿ ಹತ್ತಾರು ಮೀಟರ್ ಅಗಲದ ಕೆಸರಾಯಿತು. ಪರಿಹಾರವಾಗಿ ಬಂದದ್ದು ಮುಚ್ಚುವಿಕೆಯಲ್ಲ. ಉತ್ತರ ಇಂಗ್ಲೆಂಡಿನಲ್ಲಿ ಪಾಳುಬಿದ್ದ ಹತ್ತಿ ಗಿರಣಿಗಳ ನೆಲಹಾಸಿನ ಚಪ್ಪಡಿಗಳನ್ನು ತಂದು ಜೌಗಿನ ಮೇಲೆ ಹಾಸಿದರು. ಸುತ್ತಲಿನ ಸಸ್ಯಗಳು ಚೇತರಿಸಿಕೊಂಡವು. ಹಾಸುಗಲ್ಲು ಬೆಟ್ಟದ ಸಹಜತೆಯನ್ನು ಕೆಡಿಸುತ್ತದೆ ಎಂದು ಆಗ ವಿರೋಧಿಸಿದವರೂ ಇದ್ದರು. ಸಹಜತೆಯ ಹೆಸರಿನ ಆ ವಿರೋಧ ಗೆದ್ದಿದ್ದರೆ ಜೌಗು ಇನ್ನಷ್ಟು ಸಾಯುತ್ತಿತ್ತು.

ತಪ್ಪು ನಂಬಿಕೆ ಹಾನಿ ಮಾಡುವುದು ಹೀಗೆ. ದಾರಿ ತಾನಾಗಿ ಇದೆ ಎಂದುಕೊಂಡವನಿಗೆ ಅದು ಮಾಯವಾಗುವುದು ಕಾಣುವುದಿಲ್ಲ. 1949ಕ್ಕೂ ಹಿಂದಿನ, ನಕ್ಷೆಯಲ್ಲಿ ದಾಖಲಾಗದ ದಾರಿಗಳ ಹಕ್ಕು 2026ಕ್ಕೆ ಕೊನೆಗೊಳ್ಳುತ್ತದೆ ಎಂದು 2000ದ ಕಾಯ್ದೆಯೊಂದು ಗಡುವು ಹಾಕಿತ್ತು. ರ‍್ಯಾಂಬ್ಲರ್ಸ್ ಎಂಬ ನಡಿಗೆಗಾರರ ಸಂಸ್ಥೆಯ ಸ್ವಯಂಸೇವಕರು 2020ರಲ್ಲಿ ಹಳೆಯ ನಕ್ಷೆಗಳನ್ನು ಇಂದಿನವುಗಳ ಪಕ್ಕದಲ್ಲಿಟ್ಟು ಚೌಕಚೌಕವಾಗಿ ಹೋಲಿಸಿ ನೋಡಿದಾಗ 49,000 ಮೈಲಿಗೂ ಹೆಚ್ಚು ದಾರಿಗಳು ದಾಖಲೆಯಿಂದ ಬಿಟ್ಟುಹೋಗಿರಬಹುದೆಂದು ಕಂಡಿತು. ಗಡುವು 2031ಕ್ಕೆ ಮುಂದೆ ಹೋಯಿತು. 2024ರ ಡಿಸೆಂಬರಿನಲ್ಲಿ ಅದನ್ನು ರದ್ದು ಮಾಡುವುದಾಗಿ ಸರ್ಕಾರ ಪ್ರಕಟಿಸಿತು. ಹಳ್ಳಿ ಇದ್ದ ಹಾಗೆಯೇ ಇರಬೇಕೆಂಬ ಆಸೆಯೂ ಅಷ್ಟೇ ದುಬಾರಿ. ಚೆಂದದ ಊರಿನಲ್ಲಿ ವಾರಾಂತ್ಯದ ಮನೆ ಕೊಳ್ಳುವವರ ದುಡ್ಡಿನ ಮುಂದೆ, ಕಲ್ಲಿನ ಗೋಡೆ ಕಟ್ಟಬಲ್ಲ ಕೆಲಸಗಾರನ ಮಗನಿಗೆ ಅದೇ ಊರಿನಲ್ಲಿ ಬಾಡಿಗೆಗೂ ಮನೆ ಸಿಗದಂತಾಗುತ್ತದೆ. ನೋಟವನ್ನು ಮಾಡುತ್ತಿರುವ ಕೈಗಳನ್ನೇ ಹೊರದೂಡಿ ನೋಟವನ್ನು ಉಳಿಸಲಾಗದು.

ಈ ವಿಚಾರ ಕರ್ನಾಟಕಕ್ಕೂ ನೇರವಾಗಿ ಸಂಬಂಧಿಸಿದ್ದು. ಇಲ್ಲಿನ ಗ್ರಾಮ ನಕಾಶೆಗಳಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಗುರುತಿಸಲಾಗಿದೆ. ನೆಲದ ಮೇಲೆ ಅವುಗಳಲ್ಲಿ ಎಷ್ಟೋ ಬದುವಿನ ಜೊತೆ ಉತ್ತುಹೋಗಿವೆ, ಇಲ್ಲವೇ ಹೊಸ ತೋಟದ ತಂತಿಬೇಲಿಯೊಳಗೆ ಸೇರಿವೆ. ಹಂಪಿಯ ಸುತ್ತಲಿನ ಊರುಗಳಲ್ಲಾಗಲಿ, ಮಲೆನಾಡಿನ ಹಳೆಯ ಘಟ್ಟದ ದಾರಿಗಳಲ್ಲಾಗಲಿ ಹಳ್ಳಿಯಿಂದ ಹಳ್ಳಿಗೆ ನಡೆಯುವ ಮಾರ್ಗವೊಂದನ್ನು ರೂಪಿಸಬೇಕೆನ್ನುವವರು ಸ್ವಾಗತ ಕಮಾನು ಮತ್ತು ಬಣ್ಣದ ಫಲಕಗಳಿಗೂ ಮೊದಲು ಆ ನಕಾಶೆಯನ್ನು ಬಿಡಿಸಿ ಕೂರಬೇಕು. ಯಾವ ಸರ್ವೆ ನಂಬರಿನಲ್ಲಿ ದಾರಿ ಮುಚ್ಚಿದೆ, ದಾರಿ ಬಿಟ್ಟುಕೊಟ್ಟ ರೈತನ ಬೆಳೆಗೆ ಹಾನಿಯಾದರೆ ಯಾರು ತುಂಬಿಕೊಡುತ್ತಾರೆ, ಮಳೆಗಾಲ ಮುಗಿದ ಮೇಲೆ ಮುಳ್ಳು ಸವರಿ ಕಾಲುಸಂಕ ಸರಿಮಾಡುವ ಕೂಲಿ ಯಾವ ಪಂಚಾಯಿತಿಯ ಲೆಕ್ಕದಲ್ಲಿ ಬರುತ್ತದೆ, ದಾರಿಬದಿಯ ಮನೆಯವರು ಹತ್ತು ವರ್ಷದ ನಂತರವೂ ಅಲ್ಲಿಯೇ ಬದುಕಲು ಸಾಧ್ಯವಿರುತ್ತದೆಯೇ ಎಂಬ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಸಿಕ್ಕ ನಂತರವೇ ಮಾರ್ಗಕ್ಕೆ ಹೆಸರಿಡುವ ಕೆಲಸ ಬರುತ್ತದೆ.